ವಿದೇಶಕ್ಕೆ ಹೊರಟವರಿಗೆ ಬೇಕಾದಷ್ಟು ಇಂಗ್ಲಿಷ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ದೇಶ ಬಿಟ್ಟು ಹೊರಟವರಿಗೆ ಇಂಗ್ಲಿಷ್ ಮಾತು ಹೇಳಿಕೊಡುವುದು ನನ್ನ ಕೆಲಸ. ಮಕ್ಕಳ ಮನೆಗೆ ಹೊರಟ ಹಿರಿಯರು, ಕೆಲಸ ಸಿಕ್ಕಿ ಹೊರಟ ಹುಡುಗರು, ಹತ್ತು ದಿನದ ಪ್ರವಾಸಕ್ಕೆ ಹೊರಟ ದಂಪತಿ, ಯಾರೇ ಬರಲಿ, ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಓದಿ. ಮನಸ್ಸಿನಲ್ಲಷ್ಟೇ ಓದಿಕೊಂಡ ವಾಕ್ಯ ಕೌಂಟರ್ ಮುಂದೆ ನಿಂತಾಗ ನಾಲಿಗೆಗೆ ಬರುವುದಿಲ್ಲ.

ಹೊರಡಲು ಇನ್ನು ಒಂದೇ ತಿಂಗಳಿದೆ. ಎಷ್ಟು ವಾಕ್ಯ ಕಲಿತರೆ ಸಾಕು?

ನೂರಾರು ವಾಕ್ಯ ಬಾಯಿಪಾಠ ಮಾಡಲು ಹೋಗಬೇಡಿ. ಆರು ಅಚ್ಚುಗಳನ್ನು ಗಟ್ಟಿ ಮಾಡಿಕೊಳ್ಳಿ. ಅಚ್ಚು ಅಂದರೆ ಒಂದು ಕಡೆ ಖಾಲಿ ಜಾಗ ಇರುವ ವಾಕ್ಯ. ಆ ಜಾಗಕ್ಕೆ ಬೇಕಾದ ಪದ ಹಾಕಿಕೊಂಡರೆ ಹೊಸ ವಾಕ್ಯ ಸಿದ್ಧ.

"ಕುಡ್ ಐ ಹ್ಯಾವ್..., ಪ್ಲೀಸ್?" ಏನಾದರೂ ಬೇಕೆಂದಾಗ.
"ವೇರ್ ಈಸ್ ದ...?" ಎಲ್ಲಿದೆ ಅಂತ ಕೇಳಲು.
"ಐ ಹ್ಯಾವ್ ಎ..." ನನ್ನ ಹತ್ತಿರ ಇಂಥದ್ದು ಇದೆ ಅನ್ನಲು.
"ಐ ನೀಡ್ ಟು..." ನಾನು ಇಂಥದ್ದು ಮಾಡಬೇಕಿದೆ ಅನ್ನಲು.
"ದ... ಈಸ್ ನಾಟ್ ವರ್ಕಿಂಗ್." ಕೆಟ್ಟಿದೆ, ಕೆಲಸ ಮಾಡ್ತಿಲ್ಲ ಅನ್ನಲು.
"ಡಸ್ ದಿಸ್... ಗೋ ಟು...?" ಈ ಬಸ್ಸೋ ರೈಲೋ ಅಲ್ಲಿಗೆ ಹೋಗುತ್ತದಾ ಅಂತ ಕೇಳಲು.

"ವೇರ್ ಈಸ್ ದ" ಮುಂದೆ ಎಕ್ಸಿಟ್, ಟಾಯ್ಲೆಟ್, ಬಸ್ ಸ್ಟಾಪ್, ಫಾರ್ಮಸಿ, ಎಟಿಎಂ ಹೀಗೆ ಹತ್ತು ಪದ ಸೇರಿಸಿದರೆ ಹತ್ತು ಪ್ರಶ್ನೆ ಆಯಿತು. ಆರು ಅಚ್ಚಿಗೆ ಹತ್ತತ್ತು ಪದ ಸಿಕ್ಕರೆ ಪ್ರವಾಸದ ಬಹುಪಾಲು ಮಾತು ಅದರೊಳಗೇ ಮುಗಿಯುತ್ತದೆ.

ನಾನು ಹೇಗೋ ಕೇಳಿಬಿಡುತ್ತೇನೆ. ಅವರು ಉತ್ತರ ಕೊಟ್ಟಾಗಲೇ ಏನೂ ತಿಳಿಯುವುದಿಲ್ಲ. ಏನು ಮಾಡಲಿ?

ಇದು ಬಹಳ ಜನರ ಸಮಸ್ಯೆ, ಮತ್ತು ಈ ಪುಟದಲ್ಲಿ ನನಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದೇ. ಮಾತು ತಿಳಿಯದಿದ್ದಾಗ ನಾವು ಸುಮ್ಮನೆ ನಕ್ಕು ತಲೆಯಾಡಿಸುತ್ತೇವೆ, ಇಲ್ಲವೇ "ಯಸ್ ಯಸ್" ಅಂದುಬಿಡುತ್ತೇವೆ. ಅದು ಅಪಾಯ. ಎದುರಿಗಿರುವವರು ನಮಗೆ ಅರ್ಥವಾಯಿತು ಅಂತಲೇ ತಿಳಿದು ಮುಂದಿನ ಮಾತಿಗೆ ಹೋಗುತ್ತಾರೆ.

ಅದಕ್ಕೇ ಎಲ್ಲಕ್ಕಿಂತ ಮೊದಲು ಮರಳಿ ಕೇಳುವ ವಾಕ್ಯಗಳನ್ನು ಕಲಿಯಿರಿ. "ಸಾರಿ, ಕುಡ್ ಯು ಸೇ ದಟ್ ಅಗೇನ್, ಪ್ಲೀಸ್?" ಅಂದರೆ ಇನ್ನೊಂದು ಸಲ ಹೇಳಿ. "ಕುಡ್ ಯು ಸ್ಪೀಕ್ ಎ ಲಿಟಲ್ ಸ್ಲೋವರ್, ಪ್ಲೀಸ್?" ಅಂದರೆ ಸ್ವಲ್ಪ ನಿಧಾನವಾಗಿ ಹೇಳಿ. "ಕುಡ್ ಯು ರೈಟ್ ಇಟ್ ಡೌನ್, ಪ್ಲೀಸ್?" ಅಂದರೆ ಬರೆದುಕೊಡಿ. "ಕುಡ್ ಯು ಶೋ ಮಿ ಆನ್ ದ ಮ್ಯಾಪ್?" ಅಂದರೆ ನಕ್ಷೆಯಲ್ಲಿ ತೋರಿಸಿ. "ಮೈ ಇಂಗ್ಲಿಷ್ ಈಸ್ ನಾಟ್ ವೆರಿ ಗುಡ್" ಅಂತ ಮೊದಲೇ ಹೇಳಿಬಿಡುವುದರಲ್ಲಿ ಯಾವ ಅವಮಾನವೂ ಇಲ್ಲ. ಆ ಒಂದು ಮಾತು ಕೇಳಿದರೆ ಹೆಚ್ಚಿನವರು ತಾವಾಗಿಯೇ ನಿಧಾನಿಸುತ್ತಾರೆ.

ಇನ್ನೂ ಒಂದು ಅಭ್ಯಾಸ ಮಾಡಿಕೊಳ್ಳಿ. ಕೇಳಿಸಿಕೊಂಡಿದ್ದನ್ನು ತಿರುಗಿ ಹೇಳಿ: "ಸೋ, ಪ್ಲಾಟ್‌ಫಾರ್ಮ್ ಫೋರ್, ರೈಟ್?" ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ನನ್ನ ಹತ್ತಿರ ಕಲಿತ ಹಿರಿಯರೊಬ್ಬರಿಗೆ ವಾಕ್ಯಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ "ಕುಡ್ ಯು ರೈಟ್ ಇಟ್ ಡೌನ್, ಪ್ಲೀಸ್?" ಒಂದನ್ನೇ ಗಟ್ಟಿ ಮಾಡಿಸಿ, ಅಂಗೈಯಗಲದ ಪುಸ್ತಕ, ದಾರ ಕಟ್ಟಿದ ಪೆನ್ನು ಕೊಟ್ಟು ಕಳಿಸಿದೆ. ಮರಳಿ ಬಂದ ಮೇಲೆ ಆ ಪುಸ್ತಕ ತಂದು ತೋರಿಸಿದರು. ಒಂದು ಪುಟದಲ್ಲಿ ಗೇಟ್ ನಂಬರು, ಇನ್ನೊಂದರಲ್ಲಿ ಬಸ್ಸಿನ ನಂಬರು, ಮತ್ತೊಂದರಲ್ಲಿ ಮಾತ್ರೆ ಯಾವಾಗ ನುಂಗಬೇಕು ಅನ್ನುವುದು. ಪುಟಕ್ಕೊಂದು ಕೈಬರಹ. ಒಬ್ಬರು ಬಸ್‌ಸ್ಟಾಪಿನಿಂದ ಮನೆಗೆ ಹೋಗುವ ದಾರಿಯ ಚಿತ್ರವನ್ನೇ ಬರೆದು, ತಿರುವಿನ ಹತ್ತಿರ ಒಂದು ಮರವನ್ನೂ ಬಿಡಿಸಿಕೊಟ್ಟಿದ್ದರು.

"ಗಿವ್ ಮಿ ವಾಟರ್" ಅಂದರೆ ತಪ್ಪೇ? ಅರ್ಥವಂತೂ ಆಗುತ್ತದಲ್ಲ?

ಅರ್ಥ ಆಗುತ್ತದೆ. ಆದರೆ ಕಿವಿಗೆ ಒರಟಾಗಿ, ಅಪ್ಪಣೆ ಮಾಡಿದ ಹಾಗೆ ಬಡಿಯುತ್ತದೆ. ಕನ್ನಡದಲ್ಲಿ "ನೀರು ಕೊಡಿ" ಅಂದಾಗ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇದೆ: "ಕೊಡು" ಬೇರೆ, "ಕೊಡಿ" ಬೇರೆ. ನೀನು, ನೀವು ಅನ್ನುವುದರಲ್ಲೂ ಇದೆ. ಇಂಗ್ಲಿಷಿನ "ಗಿವ್"ಗೆ ಆ ಬಾಲ ಇಲ್ಲ, ನೀನು ನೀವು ಎರಡಕ್ಕೂ "ಯು" ಒಂದೇ. ಹಾಗಾಗಿ ನಾವು ಮನಸ್ಸಿನಲ್ಲಿ "ಕೊಡಿ" ಅಂದುಕೊಂಡು "ಗಿವ್" ಅಂದರೆ ಅವರಿಗೆ ಕೇಳಿಸುವುದು "ಕೊಡು". ನಮ್ಮ ಮರ್ಯಾದೆ ಭಾಷೆ ದಾಟುವಾಗ ಉದುರಿಹೋಗುತ್ತದೆ.

ಅದನ್ನು ವಾಕ್ಯದ ಹಿಂದೆಮುಂದೆ ಬೇರೆ ಪದಗಳಿಂದ ಸೇರಿಸಬೇಕು. "ಗಿವ್ ಮಿ" ಬದಲು "ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?" "ಐ ವಾಂಟ್" ಬದಲು "ಐ ವುಡ್ ಲೈಕ್". ಬರೀ "ನೋ" ಬದಲು "ನೋ, ಥ್ಯಾಂಕ್ಯು". ಗುರುತಿಲ್ಲದವರನ್ನು ಮಾತಾಡಿಸುವ ಮುಂಚೆ "ಎಕ್ಸ್‌ಕ್ಯೂಸ್ ಮಿ". ಮೈ ತಗುಲಿದರೆ, ದಾರಿಗೆ ಅಡ್ಡ ಬಂದರೆ "ಸಾರಿ". ವಯಸ್ಸಾದವರನ್ನು ಅಂಕಲ್, ಆಂಟಿ ಅಂತ ಕರೆಯುವುದು ಅಲ್ಲಿ ಹೊಂದುವುದಿಲ್ಲ. "ಎಕ್ಸ್‌ಕ್ಯೂಸ್ ಮಿ" ಅಂದರೆ ಎಲ್ಲ ವಯಸ್ಸಿಗೂ ಸರಿ. ವ್ಯಾಕರಣ ತಪ್ಪಿದರೆ ಯಾರೂ ಲೆಕ್ಕಿಸುವುದಿಲ್ಲ. "ಪ್ಲೀಸ್", "ಥ್ಯಾಂಕ್ಯು" ತಪ್ಪಿದರೆ ಮಾತ್ರ ಮುಖ ಬಿಗಿಯಾಗುವುದನ್ನು ಕಂಡಿದ್ದೇನೆ.

ಇಮಿಗ್ರೇಶನ್‌ನಲ್ಲಿ ಏನೇನು ಕೇಳುತ್ತಾರೆ? ನೆನೆಸಿಕೊಂಡರೆ ಎದೆ ಹೊಡೆದುಕೊಳ್ಳುತ್ತದೆ.

ಪ್ರಶ್ನೆಗಳು ಬೆರಳೆಣಿಕೆಯಷ್ಟು, ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಇವೇ.

"ವಾಟ್ ಈಸ್ ದ ಪರ್ಪಸ್ ಆಫ್ ಯುವರ್ ವಿಸಿಟ್?" ಯಾಕೆ ಬಂದಿದ್ದೀರಿ? ಪ್ರವಾಸಕ್ಕಾದರೆ "ಟೂರಿಸಮ್". ಮಗಳನ್ನು ನೋಡಲು ಬಂದಿದ್ದರೆ "ಐ ಆಮ್ ವಿಸಿಟಿಂಗ್ ಮೈ ಡಾಟರ್". ಕಂಪನಿ ಕೆಲಸವಾದರೆ "ಐ ಆಮ್ ಹಿಯರ್ ಫಾರ್ ಎ ಬಿಸಿನೆಸ್ ಮೀಟಿಂಗ್". ನಿಮ್ಮ ವೀಸಾ ಯಾವುದಕ್ಕೆ ಸಿಕ್ಕಿದೆಯೋ ಅದಕ್ಕೆ ಉತ್ತರ ಹೊಂದಬೇಕು. ಪ್ರವಾಸಿ ವೀಸಾದಲ್ಲಿ ಬಂದು "ವರ್ಕ್" ಅನ್ನುವ ಪದ ಬಾಯಿಗೆ ಬಂದರೆ ಅಲ್ಲಿಂದ ಪ್ರಶ್ನೆಗಳ ಸರಮಾಲೆ ಶುರುವಾಗುತ್ತದೆ. ಮಗಳಿಗೆ ಮನೆಗೆಲಸದಲ್ಲಿ ನೆರವಾಗುತ್ತೇನೆ ಅನ್ನುವ ಅರ್ಥದಲ್ಲಿ ಆ ಪದ ಬಳಸಿ ಪೇಚಾಡಿದವರಿದ್ದಾರೆ.

"ಹೌ ಲಾಂಗ್ ವಿಲ್ ಯು ಬಿ ಸ್ಟೇಯಿಂಗ್?" ಎಷ್ಟು ದಿನ ಇರುತ್ತೀರಿ? "ಟೆನ್ ಡೇಸ್" ಅಥವಾ "ಅಂಟಿಲ್ ದ ಟ್ವೆಂಟಿಯತ್ ಆಫ್ ಜೂನ್". "ವೇರ್ ವಿಲ್ ಯು ಬಿ ಸ್ಟೇಯಿಂಗ್?" ಎಲ್ಲಿ ಉಳಿಯುತ್ತೀರಿ? ಹೋಟೆಲಿನ ಹೆಸರು ಹೇಳಿ, ಅಥವಾ "ವಿತ್ ಮೈ ಸನ್. ದಿಸ್ ಈಸ್ ದ ಅಡ್ರೆಸ್" ಅಂತ ಕಾಗದ ತೋರಿಸಿ. ವಿಳಾಸ ಫೋನಿನಲ್ಲಷ್ಟೇ ಇದ್ದರೆ ಬ್ಯಾಟರಿ ಕೈಕೊಟ್ಟಾಗ ಕಷ್ಟ, ಕಾಗದದಲ್ಲೂ ಇರಲಿ. "ಡು ಯು ಹ್ಯಾವ್ ಎ ರಿಟರ್ನ್ ಟಿಕೆಟ್?" ವಾಪಸ್ ಟಿಕೆಟ್ ಇದೆಯಾ? "ಯಸ್, ಹಿಯರ್ ಇಟ್ ಈಸ್" ಅಂತ ಕೊಡಿ.

ಕೇಳಿದ್ದಕ್ಕಷ್ಟೇ ಉತ್ತರ, ಚಿಕ್ಕದಾಗಿ, ನಿಜವಾಗಿ. ತಿಳಿಯದಿದ್ದರೆ ಊಹಿಸಿ ಹೇಳಬೇಡಿ. "ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಐ ನೀಡ್ ಆನ್ ಇಂಟರ್‌ಪ್ರಿಟರ್, ಪ್ಲೀಸ್" ಅಂದರೆ ದುಭಾಷಿ ಬೇಕು ಎಂದು ಕೇಳಿದ ಹಾಗೆ. ಹಾಗೆ ಕೇಳಲು ಹಿಂಜರಿಯಬೇಡಿ.

ಕಸ್ಟಮ್ಸ್ ಮುಂದೆ ಒಂದೇ ಪದ ಮುಖ್ಯ: "ಡಿಕ್ಲೇರ್". ಅಂದರೆ ತಂದಿರುವುದನ್ನು ತಾವಾಗಿ ತಿಳಿಸುವುದು. "ಡು ಯು ಹ್ಯಾವ್ ಎನಿಥಿಂಗ್ ಟು ಡಿಕ್ಲೇರ್?" ಅಂತ ಕೇಳುತ್ತಾರೆ. ಹಸಿರು ಮತ್ತು ಕೆಂಪು ದಾರಿಗಳಿರುವ ಕಡೆ ಹಸಿರು ಅಂದರೆ ತಿಳಿಸುವಂಥದ್ದು ಏನೂ ಇಲ್ಲ, ಕೆಂಪು ಅಂದರೆ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಿನ್ನುವ ಪದಾರ್ಥ, ಬೀಜ, ಸಸ್ಯಗಳ ವಿಷಯದಲ್ಲಿ ಬಹಳ ಬಿಗಿ. ಮುಚ್ಚಿಟ್ಟರೆ ಸ್ಥಳದಲ್ಲೇ ದಂಡ ಬೀಳುತ್ತದೆ. ಅನುಮಾನ ಇದ್ದರೆ "ಐ ಹ್ಯಾವ್ ಸಮ್ ಫುಡ್. ಈಸ್ ದಿಸ್ ಅಲೌಡ್?" ಅಂತ ನೀವೇ ತೆಗೆದು ತೋರಿಸಿ.

"ಯಸ್" ಮತ್ತು "ನೋ" ಹೇಳುವುದರಲ್ಲೂ ಕಲಿಯುವುದು ಇದೆಯಾ?

ಇದೆ, ಅದೂ ನಮ್ಮಂಥವರಿಗೆ. "ನೀವು ಬ್ಯಾಗ್ ತಂದಿಲ್ವಾ?" ಅಂತ ಕೇಳಿದರೆ ಕನ್ನಡದಲ್ಲಿ "ಹೌದು, ತಂದಿಲ್ಲ" ಅನ್ನುತ್ತೇವೆ. ಕೇಳಿದವರ ಮಾತು ಸರಿ ಅನ್ನುವುದಕ್ಕೆ ನಮ್ಮ "ಹೌದು". ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಕೇಳಿದವರ ಮಾತನ್ನು ಬದಿಗಿಟ್ಟು ವಸ್ತುಸ್ಥಿತಿ ನೋಡಬೇಕು: ಇದ್ದರೆ "ಯಸ್", ಇಲ್ಲದಿದ್ದರೆ "ನೋ". "ಯು ಡೋಂಟ್ ಹ್ಯಾವ್ ಎನಿ ಫುಡ್ ಇನ್ ದಿಸ್ ಬ್ಯಾಗ್?" ಅಂತ ಅಧಿಕಾರಿ ಕೇಳಿದಾಗ ನೀವು "ಯಸ್" ಅಂದರೆ, ಇದೆ ಅಂತ ಅವರು ತಿಳಿಯುತ್ತಾರೆ. ಬ್ಯಾಗ್ ಬಿಚ್ಚಿಸುತ್ತಾರೆ. ಏನೂ ಸಿಗದಿದ್ದಾಗ ನೀವು ಯಾಕೆ "ಯಸ್" ಅಂದಿರಿ ಅಂತ ಮತ್ತೆ ಕೇಳುತ್ತಾರೆ.

ಇದಕ್ಕೆ ಸುಲಭದ ದಾರಿ ಅಂದರೆ ಪೂರ್ತಿ ವಾಕ್ಯ ಹೇಳುವುದು. "ನೋ, ಐ ಡೋಂಟ್ ಹ್ಯಾವ್ ಎನಿ ಫುಡ್." ಆಗ ಯಾವ ಗೊಂದಲವೂ ಇಲ್ಲ.

"ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?" ಅನ್ನುವುದೂ ಇದೇ ಜಾತಿಯದು. ಅದರ ಅಕ್ಷರಾರ್ಥ, ನಾನು ಇಲ್ಲಿ ಕೂತರೆ ನಿಮಗೆ ಬೇಜಾರಾ? ಕೂರಲಿ ಅನ್ನಬೇಕಾದರೆ "ನೋ, ನಾಟ್ ಅಟ್ ಆಲ್" ಅನ್ನಬೇಕು. "ಯಸ್" ಅಂದರೆ ಬೇಡ ಅಂದ ಹಾಗೆ. ಗೊಂದಲವಾದರೆ "ಪ್ಲೀಸ್, ಸಿಟ್" ಅಂತ ಕೈ ತೋರಿಸಿ.

"ಕ್ಯಾನ್", "ಕಾಂಟ್" ವಿಷಯವೂ ಗಮನದಲ್ಲಿರಲಿ. ಅಮೆರಿಕದವರ ಬಾಯಲ್ಲಿ ಎರಡೂ ಹತ್ತಿರ ಹತ್ತಿರ ಕೇಳಿಸುತ್ತವೆ. ಆಗದು ಅನ್ನುವಾಗ ನೀವು "ಕ್ಯಾನ್‌ನಾಟ್" ಅಂತ ಬಿಡಿಸಿಯೇ ಹೇಳಿ.

ಸಂಖ್ಯೆ, ಸಮಯ, ತಾರೀಖು ಹೇಳುವಾಗ ಯಾಕೆ ಅಷ್ಟು ಎಚ್ಚರ ಅನ್ನುತ್ತಾರೆ?

ಒಮ್ಮೆ ನಡುದಾರಿಯಲ್ಲಿ ವಿಮಾನ ಬದಲಿಸುವಾಗ ಗೇಟ್ ಯಾವುದೆಂದು ಕೇಳಿದೆ. ಕೌಂಟರಿನವರು "ಫಿಫ್ಟೀನ್" ಅಂದದ್ದು ನನಗೆ "ಫಿಫ್ಟಿ" ಅಂತ ಕೇಳಿಸಿತು. ಆ ನಿಲ್ದಾಣದ ಇನ್ನೊಂದು ತುದಿಯವರೆಗೆ ನಡೆದೆ. 50ನೇ ಗೇಟಿನ ಬೋರ್ಡಿನಲ್ಲಿ ಬೇರೆ ಯಾವುದೋ ಊರಿನ ಹೆಸರು. ನೆಲ ಒರೆಸುತ್ತಿದ್ದ ಹೆಂಗಸೊಬ್ಬರು ನನ್ನ ಬೋರ್ಡಿಂಗ್ ಪಾಸ್ ನೋಡಿ, ಒಂದು ಬೆರಳು ಎತ್ತಿ "ಒನ್", ಆಮೇಲೆ ಐದು ಬೆರಳು ಬಿಡಿಸಿ "ಫೈವ್" ಅಂದರು. ಓಡಿ ಹೋಗಿ ಬಾಗಿಲು ಮುಚ್ಚುವ ಮುಂಚೆ ಸೇರಿಕೊಂಡೆ. ಅಂದಿನಿಂದ ಇದನ್ನೇ ಹೇಳಿಕೊಡುತ್ತಿದ್ದೇನೆ: "ಒನ್ ಫೈವ್ ಆರ್ ಫೈವ್ ಜೀರೋ?" 13 ಮತ್ತು 30, 14 ಮತ್ತು 40, ಹೀಗೆ 19, 90ರವರೆಗೂ ಇದೇ ತೊಡಕು. ಅಂಕಿ ಬಿಡಿಸಿ ಕೇಳಿದರೆ ತಪ್ಪುವ ಮಾತೇ ಇಲ್ಲ.

ತಾರೀಖಿನಲ್ಲೂ ಹೀಗೇ. 03/04 ಅಂದರೆ ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್ನಿನಲ್ಲಿ ಏಪ್ರಿಲ್ 3. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರು ಹಿಡಿದು ಹೇಳಿ. ಬ್ರಿಟನ್ನಿನವರು "ಹಾಫ್ ಸೆವೆನ್" ಅಂದರೆ ಏಳೂವರೆ. ಟಿಕೆಟ್ಟಿನಲ್ಲಿ 10ನೇ ತಾರೀಖು 00:30 ಅಂತಿದ್ದರೆ ನೀವು ನಿಲ್ದಾಣಕ್ಕೆ ಹೊರಡಬೇಕಾದದ್ದು 9ನೇ ತಾರೀಖಿನ ರಾತ್ರಿ. ಒಂದು ದಿನ ತಡವಾಗಿ ಹೋದವರು ಕಡಿಮೆಯೇನಲ್ಲ.

ಲಕ್ಷ, ಕೋಟಿ ಅಂದರೆ ಹೊರಗಿನ ಹೆಚ್ಚಿನವರಿಗೆ ತಿಳಿಯದು. ಒಂದು ಲಕ್ಷ "ಒನ್ ಹಂಡ್ರೆಡ್ ಥೌಸಂಡ್", ಹತ್ತು ಲಕ್ಷ "ಒನ್ ಮಿಲಿಯನ್".

ನನ್ನ ಹೆಸರು ಹೇಳಿದರೆ ಯಾರಿಗೂ ಬರೆದುಕೊಳ್ಳಲು ಬರುವುದಿಲ್ಲ. ಹೇಗೆ ತಿಳಿಸಲಿ?

"ಲೆಟ್ ಮಿ ಸ್ಪೆಲ್ ಇಟ್" ಅನ್ನಿ, ಆಮೇಲೆ ಒಂದೊಂದೇ ಅಕ್ಷರ. ಫೋನಿನಲ್ಲಿ ಬಿ, ಡಿ, ಪಿ, ವಿ ಎಲ್ಲ ಒಂದೇ ಥರ. ಎಮ್, ಎನ್ ಕೂಡ. ಇದಕ್ಕೆಂದೇ ವಿಮಾನಯಾನದವರು 1956ರಿಂದ ಬಳಸುತ್ತಿರುವ ಪದಗಳ ಸಾಲೊಂದಿದೆ: ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ ಅಂತ ಶುರುವಾಗುತ್ತದೆ. ಪೂರ್ತಿ ಬೇಡ. ನಿಮ್ಮ ಹೆಸರಿನಲ್ಲಿ ಬರುವ ಅಕ್ಷರಗಳಿಗಷ್ಟೇ ಕಲಿಯಿರಿ. "ಎಮ್ ಆಸ್ ಇನ್ ಮೈಕ್, ಎನ್ ಆಸ್ ಇನ್ ನವೆಂಬರ್, ವಿ ಆಸ್ ಇನ್ ವಿಕ್ಟರ್." ಕೊನೆಯ ಇಂಗ್ಲಿಷ್ ಅಕ್ಷರ ಬ್ರಿಟನ್ನಿನಲ್ಲಿ "ಝೆಡ್", ಅಮೆರಿಕದಲ್ಲಿ "ಝೀ".

ಲಗೇಜು ಬರದೇ ಹೋದರೆ ಏನು ಹೇಳಬೇಕು?

ಬೆಲ್ಟ್ ಖಾಲಿಯಾಗುವವರೆಗೆ ಕಾದು, ನಿಲ್ದಾಣದಿಂದ ಹೊರಗೆ ಹೋಗುವ ಮುಂಚೆಯೇ ಬ್ಯಾಗೇಜ್ ಸರ್ವಿಸ್ ಕೌಂಟರಿಗೆ ಹೋಗಿ. "ಮೈ ಬ್ಯಾಗ್ ಹ್ಯಾಸ್ ನಾಟ್ ಅರೈವ್ಡ್. ದಿಸ್ ಈಸ್ ಮೈ ಬ್ಯಾಗೇಜ್ ಟ್ಯಾಗ್." ಚೆಕ್‌ಇನ್ ಮಾಡುವಾಗ ಕೊಟ್ಟ ಆ ಚಿಕ್ಕ ಚೀಟಿಯನ್ನು ಜೋಪಾನವಾಗಿಡಿ ಅನ್ನುವುದು ಇದಕ್ಕೇ. ಬ್ಯಾಗ್ ಹೇಗಿತ್ತು ಅಂತ ಕೇಳುತ್ತಾರೆ: ಬಣ್ಣ, ಗಾತ್ರ, ಚಕ್ರ ಇದೆಯಾ, ಗಡಸೋ ಮೆದುವೋ. "ಇಟ್ ಈಸ್ ಎ ಲಾರ್ಜ್ ಬ್ಲೂ ಸೂಟ್‌ಕೇಸ್ ವಿತ್ ಫೋರ್ ವೀಲ್ಸ್." ಹೊರಡುವ ಮುಂಚೆ ಬ್ಯಾಗಿನ ಒಂದು ಫೋಟೋ ತೆಗೆದಿಟ್ಟರೆ ಈ ಮಾತೆಲ್ಲ ಅರ್ಧಕ್ಕೆ ಇಳಿಯುತ್ತದೆ.

ಅವರು ಪಿಐಆರ್ ಅನ್ನುವ ದೂರುಪತ್ರ ಬರೆದುಕೊಡುತ್ತಾರೆ. "ಕುಡ್ ಐ ಹ್ಯಾವ್ ಎ ಕಾಪಿ ಆಫ್ ದ ರಿಪೋರ್ಟ್, ಪ್ಲೀಸ್?" ಅಂತ ಪ್ರತಿ ಕೇಳಿ ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಅಂತರರಾಷ್ಟ್ರೀಯ ಪ್ರಯಾಣಗಳಲ್ಲಿ, ಬ್ಯಾಗು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ ದಿನದಿಂದ 21 ದಿನದೊಳಗೆ ವಿಮಾನ ಕಂಪನಿಗೆ ಬರಹದಲ್ಲಿ ದೂರು ಕೊಡಬೇಕು. ಬಾಯಿಮಾತಿನ ದೂರು ಲೆಕ್ಕಕ್ಕಿಲ್ಲ.

ಹೋಟೆಲಿನಲ್ಲಿ?

ಇಲ್ಲಿ ಮಾತು ಕಡಿಮೆ. "ಐ ಹ್ಯಾವ್ ಎ ರಿಸರ್ವೇಶನ್" ಅಂದು ಹೆಸರು, ಪಾಸ್‌ಪೋರ್ಟ್ ಕೊಡಿ. "ಈಸ್ ಬ್ರೇಕ್‌ಫಾಸ್ಟ್ ಇನ್‌ಕ್ಲೂಡೆಡ್?" "ವಾಟ್ ಟೈಮ್ ಈಸ್ ಚೆಕ್‌ಔಟ್?" "ದ ಹೀಟರ್ ಈಸ್ ನಾಟ್ ವರ್ಕಿಂಗ್." ರೂಮು ಖಾಲಿ ಮಾಡಿದ ಮೇಲೂ ಸಂಜೆಯವರೆಗೆ ಊರು ಸುತ್ತುವುದಿದ್ದರೆ "ಕುಡ್ ಐ ಲೀವ್ ಮೈ ಬ್ಯಾಗ್ಸ್ ಹಿಯರ್?" ಅಂತ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಅಮೆರಿಕದಲ್ಲಿ ನೆಲಮಹಡಿಯೇ "ಫಸ್ಟ್ ಫ್ಲೋರ್". ಬ್ರಿಟನ್ನಿನಲ್ಲಿ ಅದು "ಗ್ರೌಂಡ್ ಫ್ಲೋರ್", ಅದರ ಮೇಲಿನದು "ಫಸ್ಟ್".

ಊಟದ ವಿಷಯದಲ್ಲಿ "ವೆಜಿಟೇರಿಯನ್" ಅಂದರೆ ಸಾಲದೇ?

ಎಷ್ಟೋ ಕಡೆ ಸಾಲದು. ಮೀನು ಸೇರಬಹುದು, ಮೊಟ್ಟೆ ಸೇರಬಹುದು ಅಂತ ತಿಳಿದವರಿದ್ದಾರೆ. ತಿನ್ನದಿರುವುದನ್ನು ಹೆಸರು ಹಿಡಿದೇ ಹೇಳಿ: "ಐ ಡೋಂಟ್ ಈಟ್ ಮೀಟ್, ಚಿಕನ್, ಫಿಶ್ ಆರ್ ಎಗ್ಸ್." ಸೂಪು, ಸಾಸು ಆದರೆ ಇನ್ನೂ ಒಂದು ಕೇಳಬೇಕು: "ಈಸ್ ದೇರ್ ಎನಿ ಮೀಟ್ ಸ್ಟಾಕ್ ಇನ್ ದಿಸ್?" ಅಂದರೆ ಇದರಲ್ಲಿ ಮಾಂಸ ಬೇಯಿಸಿದ ನೀರು ಬಳಸಿದ್ದೀರಾ. ಮೇಲೆ ತರಕಾರಿ ಮಾತ್ರ ಕಾಣುತ್ತಿದ್ದರೂ ತಳದಲ್ಲಿ ಅದಿರುವುದುಂಟು.

ಅಲರ್ಜಿ ಇದ್ದವರು "ಐ ಡೋಂಟ್ ಲೈಕ್" ಅನ್ನಕೂಡದು, "ಐ ಆಮ್ ಅಲರ್ಜಿಕ್ ಟು ಪೀನಟ್ಸ್" ಅಂತಲೇ ಅನ್ನಬೇಕು. ಐರೋಪ್ಯ ಒಕ್ಕೂಟದಲ್ಲಿ 14 ಬಗೆಯ ಅಲರ್ಜಿಕಾರಕಗಳು ತಿನಿಸಿನಲ್ಲಿದ್ದರೆ ಗ್ರಾಹಕರಿಗೆ ತಿಳಿಸಬೇಕೆಂಬ ಕಾನೂನೇ ಇದೆ. ಕೇಳುವುದು ನಿಮ್ಮ ಹಕ್ಕು.

ಕೌಂಟರಿನಲ್ಲಿ ಪಟಪಟನೆ ಬರುವ ಪ್ರಶ್ನೆಗಳಿವು: "ಫಾರ್ ಹಿಯರ್ ಆರ್ ಟು ಗೋ?" ಇಲ್ಲೇ ತಿನ್ನುತ್ತೀರಾ, ಕಟ್ಟಿಕೊಡಬೇಕಾ? ಬ್ರಿಟನ್ನಿನಲ್ಲಿ ಇದೇ "ಈಟ್ ಇನ್ ಆರ್ ಟೇಕ್ ಅವೇ?" "ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?" ಅಂದರೆ ಸಾದಾ ನೀರಾ, ಸೋಡಾ ನೀರಾ? "ಕ್ಯಾಶ್ ಆರ್ ಕಾರ್ಡ್?" ಗೊತ್ತೇ ಇದೆ. ಕಾರ್ಡ್ ಯಂತ್ರ ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, "ಲೋಕಲ್ ಕರೆನ್ಸಿ, ಪ್ಲೀಸ್" ಅನ್ನಿ. ಯಂತ್ರದ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ದಾರಿ ಕೇಳಿದರೆ ಲೆಫ್ಟು ರೈಟು ಅಂತ ಉದ್ದಕ್ಕೆ ಹೇಳಿಬಿಡುತ್ತಾರಲ್ಲ?

ಉದ್ದದ ಉತ್ತರ ಬರದ ಹಾಗೆ ಪ್ರಶ್ನೆ ಕೇಳಿ. "ಹೌ ಡು ಐ ಗೆಟ್ ಟು ದ ಸ್ಟೇಶನ್?" ಅಂದರೆ ಉತ್ತರ ಉದ್ದ. "ಈಸ್ ದ ಸ್ಟೇಶನ್ ದಿಸ್ ವೇ?" ಅಂತ ಕೈ ತೋರಿಸಿ ಕೇಳಿದರೆ ಹೌದು ಅಥವಾ ಅಲ್ಲ, ಅಷ್ಟೇ. ಒಂದು ತಿರುವು ದಾಟಿ ಮತ್ತೊಬ್ಬರನ್ನು ಕೇಳಿ. ಬಸ್ಸಿನಲ್ಲಿ ಡ್ರೈವರಿಗೆ "ಕುಡ್ ಯು ಟೆಲ್ ಮಿ ವೆನ್ ಟು ಗೆಟ್ ಆಫ್, ಪ್ಲೀಸ್?" ಅಂದು ಹತ್ತಿರದ ಸೀಟಿನಲ್ಲೇ ಕೂತುಕೊಳ್ಳಿ.

ಒಂದೇ ಇಂಗ್ಲಿಷ್, ದೇಶಕ್ಕೊಂದು ಪದ ಅನ್ನುತ್ತಾರೆ. ಯಾವುದು ಕಲಿಯಲಿ?

ಹೋಗುವ ದೇಶದ್ದು ಕಲಿಯಿರಿ, ಇನ್ನೊಂದು ಕಿವಿಗೆ ಬಿದ್ದರೆ ಗುರುತು ಸಿಗಲಿ. ಬ್ರಿಟನ್ನಿನ ಲಿಫ್ಟ್ ಅಮೆರಿಕದಲ್ಲಿ ಎಲಿವೇಟರ್. ಕ್ಯೂ ಅಲ್ಲಿ ಲೈನ್, ಬಿಲ್ಲು ಅಲ್ಲಿ ಚೆಕ್, ಪೆಟ್ರೋಲು ಅಲ್ಲಿ ಗ್ಯಾಸ್, ಪೇವ್‌ಮೆಂಟ್ ಅಲ್ಲಿ ಸೈಡ್‌ವಾಕ್. ಟಾಯ್ಲೆಟ್ಟಿಗೆ ಅಮೆರಿಕದಲ್ಲಿ ರೆಸ್ಟ್‌ರೂಮ್, ಕೆನಡಾದಲ್ಲಿ ವಾಶ್‌ರೂಮ್. "ಸಬ್‌ವೇ" ನ್ಯೂಯಾರ್ಕಿನಲ್ಲಿ ನೆಲದಡಿಯ ರೈಲು; ಲಂಡನ್ನಿನಲ್ಲಿ ಆ ಬೋರ್ಡ್ ಹಿಡಿದು ಇಳಿದರೆ ರಸ್ತೆಯಡಿ ನಡೆದು ದಾಟುವ ದಾರಿ ಸಿಗುತ್ತದೆ, ರೈಲು ಬೇಕಾದರೆ "ಅಂಡರ್‌ಗ್ರೌಂಡ್" ಅಂತ ಹುಡುಕಬೇಕು.

ನಾವು ದಿನಾ ಆಡುವ ಕೆಲವು ಇಂಗ್ಲಿಷ್ ಪದಗಳೂ ಹೊರಗೆ ನಡೆಯುವುದಿಲ್ಲ. "ಹೋಟೆಲ್" ಅಂದರೆ ಅಲ್ಲಿ ಉಳಿದುಕೊಳ್ಳುವ ಜಾಗ, ತಿನ್ನುವುದಕ್ಕೆ "ರೆಸ್ಟೋರೆಂಟ್". "ಔಟ್ ಆಫ್ ಸ್ಟೇಶನ್" ಬದಲು "ಔಟ್ ಆಫ್ ಟೌನ್". "ಪ್ರಿಪೋನ್" ಬದಲು "ಮೂವ್ ಇಟ್ ಅರ್ಲಿಯರ್". "ಕಸಿನ್ ಬ್ರದರ್" ಬದಲು ಬರೀ "ಕಸಿನ್". "ಮೈ ಸನ್ ಪಾಸ್ಡ್ ಔಟ್ ಲಾಸ್ಟ್ ಇಯರ್" ಅಂದರೆ ಮಗ ಪ್ರಜ್ಞೆತಪ್ಪಿ ಬಿದ್ದ ಅಂತ ಕೇಳಿದವರು ಗಾಬರಿಯಾಗುತ್ತಾರೆ, "ಗ್ರಾಜುಯೇಟೆಡ್" ಅನ್ನಿ.

"ಹೌ ಆರ್ ಯು?" ಅಂತ ಎಲ್ಲರೂ ಕೇಳುತ್ತಾರೆ. ನಿಜವಾಗಿ ಉತ್ತರ ಹೇಳಬೇಕಾ?

"ಗುಡ್, ಥ್ಯಾಂಕ್ಯು. ಹೌ ಆರ್ ಯು?" ಅಷ್ಟು ಸಾಕು. ಅದು ನಮಸ್ಕಾರದ ಬದಲಿಗೆ ಇರುವ ಮಾತು. ಬ್ರಿಟನ್ನಿನಲ್ಲಿ "ಯು ಆಲ್‌ರೈಟ್?" ಅಂದರೂ ಅದೇ; ನಿಮ್ಮ ಮುಖ ಬಾಡಿದೆ ಅಂತ ಕೇಳಿದ್ದಲ್ಲ.

ನನ್ನ ಉಚ್ಚಾರಣೆ ಅವರಿಗೆ ತಿಳಿಯುತ್ತದಾ?

ತಿಳಿಯುತ್ತದೆ. ಅವರ ಹಾಗೆ ರಾಗ ಎಳೆಯಲು ಹೋಗಬೇಡಿ. ಕನ್ನಡದ ನಾಲಿಗೆ ತಾನಾಗಿ ಮಾಡುವ ಎರಡು ಮೂರು ಕೆಲಸಗಳಿಗೆ ಮಾತ್ರ ಕಡಿವಾಣ ಹಾಕಿ. ಪದದ ಕೊನೆಗೆ ಉಕಾರ ಸೇರಿಸುವುದು ಒಂದು: "ಗೇಟು", "ಬ್ಯಾಗು" ಬೇಡ, "ಗೇಟ್", "ಬ್ಯಾಗ್" ಅಂತ ಅಲ್ಲಿಗೇ ನಿಲ್ಲಿಸಿ. ಎಕಾರದ ಮುಂದೆ ಯಕಾರ, ಒಕಾರದ ಮುಂದೆ ವಕಾರ ತರುವುದು ಇನ್ನೊಂದು: "ಯೆಕ್ಸಿಟ್", "ವೊನ್ಲಿ" ಬೇಡ. ಮೂರನೆಯದು "ವೆಸ್ಟ್" ಅನ್ನುವಂಥ ಪದಗಳು. ದಿಕ್ಕಿನ ಹೆಸರಿಗೆ ತುಟಿ ದುಂಡಗೆ ಮಾಡಿ ಹೇಳಬೇಕು. ತೊಡುವ ಬಟ್ಟೆಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ನಮ್ಮ "ವ" ಎರಡರ ನಡುವೆ ನಿಲ್ಲುತ್ತದೆ. ಕನ್ನಡಿ ಮುಂದೆ ಹತ್ತು ಸಲ ಹೇಳಿದರೆ ಬಾಯಿಗೆ ಹತ್ತುತ್ತದೆ.

ಹುಷಾರು ತಪ್ಪಿದರೆ, ಆಪತ್ತು ಬಂದರೆ?

ಈ ವಾಕ್ಯಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಿರಬೇಕು. "ಹೆಲ್ಪ್!" "ಕಾಲ್ ಆನ್ ಆಂಬ್ಯುಲೆನ್ಸ್, ಪ್ಲೀಸ್." "ಐ ನೀಡ್ ಎ ಡಾಕ್ಟರ್." ನೋವಿನ ಜಾಗ ಮುಟ್ಟಿ "ಇಟ್ ಹರ್ಟ್ಸ್ ಹಿಯರ್". "ಐ ಫೀಲ್ ಡಿಝಿ" ಅಂದರೆ ತಲೆ ಸುತ್ತುತ್ತಿದೆ. "ಐ ಕ್ಯಾನ್‌ನಾಟ್ ಬ್ರೀದ್ ವೆಲ್" ಅಂದರೆ ಉಸಿರಾಡಲು ಕಷ್ಟ. "ಐ ಆಮ್ ಡಯಾಬಿಟಿಕ್." "ಐ ಟೇಕ್ ದಿಸ್ ಮೆಡಿಸಿನ್" ಅಂತ ಚೀಟಿ ತೋರಿಸಿ. ಮಾತ್ರೆಯ ಬ್ರಾಂಡ್ ಹೆಸರು ಅಲ್ಲಿ ತಿಳಿಯದಿರಬಹುದು, ಒಳಗಿರುವ ಔಷಧದ ಹೆಸರು ಬರೆದಿಟ್ಟುಕೊಳ್ಳಿ. ಅದರಲ್ಲೂ ವ್ಯತ್ಯಾಸವುಂಟು: ಪ್ಯಾರಾಸಿಟಮಾಲ್ ಅಮೆರಿಕ, ಕೆನಡಾಗಳಲ್ಲಿ ಅಸೆಟಮಿನೋಫೆನ್.

ತುರ್ತು ನಂಬರು ಅಮೆರಿಕ, ಕೆನಡಾಗಳಲ್ಲಿ 911, ಬ್ರಿಟನ್ನಿನಲ್ಲಿ 999, ಐರೋಪ್ಯ ಒಕ್ಕೂಟದಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಸಿಂಗಪುರದಲ್ಲಿ ಪೊಲೀಸರಿಗೆ 999, ಆಂಬ್ಯುಲೆನ್ಸಿಗೆ 995. ಕರೆ ಮಾಡಿದಾಗ ಮೊದಲು ಎಲ್ಲಿದ್ದೀರಿ ಅಂತ ಹೇಳಿ. ಮಾತು ನಡುವೆ ಕಡಿದುಹೋದರೂ ಜಾಗ ತಿಳಿದಿದ್ದರೆ ಅವರು ಬರಬಲ್ಲರು.

ಪಾಸ್‌ಪೋರ್ಟ್ ಕಳೆದರೆ "ಐ ಹ್ಯಾವ್ ಲಾಸ್ಟ್ ಮೈ ಪಾಸ್‌ಪೋರ್ಟ್", ಕದ್ದಿದ್ದರೆ "ಮೈ ಪಾಸ್‌ಪೋರ್ಟ್ ವಾಸ್ ಸ್ಟೋಲನ್. ಐ ನೀಡ್ ಎ ಪೊಲೀಸ್ ರಿಪೋರ್ಟ್". ಯಾವುದೇ ಕಾರಣಕ್ಕೆ ಪೊಲೀಸರು ಹಿಡಿದಿಟ್ಟರೆ "ಐ ವುಡ್ ಲೈಕ್ ಟು ಕಾಂಟ್ಯಾಕ್ಟ್ ಮೈ ಎಂಬಸಿ" ಅನ್ನಿ. ಬಂಧನದಲ್ಲಿರುವ ವಿದೇಶಿಯರಿಗೆ ತಮ್ಮ ದೇಶದ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸುವಂತೆ ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದ ಕೊಟ್ಟಿದೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ.

ಫೋನಿನಲ್ಲಿ ಅನುವಾದ ಆಪ್ ಇದೆಯಲ್ಲ, ಇಷ್ಟೆಲ್ಲ ಯಾಕೆ?

ಆಪ್ ಇರಲಿ, ನಾನೂ ಬಳಸುತ್ತೇನೆ. ಬೋರ್ಡು, ಮೆನು ಓದಲು ಕ್ಯಾಮೆರಾ ಅನುವಾದ ಬಹಳ ಅನುಕೂಲ. ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಬೇಕಾದ ಭಾಷೆಗಳನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಆದರೆ ಇಮಿಗ್ರೇಶನ್ ಹಾಲಿನಲ್ಲಿ ಫೋನ್ ಬಳಸಬಾರದು ಅನ್ನುವ ನಿಯಮ ಹಲವು ಕಡೆ ಇದೆ. ಗದ್ದಲದಲ್ಲಿ ಆಪಿಗೆ ನಿಮ್ಮ ಮಾತು ಕೇಳಿಸದು. ಚಿಕ್ಕ ವಾಕ್ಯ ಕೊಟ್ಟರೆ ಸರಿಯಾಗಿ ಅನುವಾದಿಸುತ್ತದೆ, ಉದ್ದ ಕೊಟ್ಟರೆ ಎಡವುತ್ತದೆ.

ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಹೇಗೆ ಅಭ್ಯಾಸ ಮಾಡಲಿ?

ಮನೆಯಲ್ಲಿ ಯಾರನ್ನಾದರೂ ಎದುರಿಗೆ ಕೂರಿಸಿಕೊಳ್ಳಿ. ಅವರು ಅಧಿಕಾರಿ, ನೀವು ಪ್ರಯಾಣಿಕರು. ಮೊದಲ ವಾರ ಮರಳಿ ಕೇಳುವ ವಾಕ್ಯಗಳು ಮಾತ್ರ. ಅವರು ಬೇಕೆಂದೇ ಗೊಣಗಲಿ, ವೇಗವಾಗಿ ಹೇಳಲಿ, ನೀವು "ಸಾರಿ, ಕುಡ್ ಯು ಸೇ ದಟ್ ಅಗೇನ್?" ಅನ್ನಿ. ಎರಡನೇ ವಾರ ಇಮಿಗ್ರೇಶನ್ನಿನ ಪ್ರಶ್ನೆಗಳು, ಕ್ರಮ ತಪ್ಪಿಸಿ. ಮೂರನೇ ವಾರ ಆರು ಅಚ್ಚುಗಳು, ಮನೆಯ ವಸ್ತುಗಳನ್ನೇ ಖಾಲಿ ಜಾಗಕ್ಕೆ ಹಾಕುತ್ತಾ. ಕೊನೆಯ ವಾರ ಆಪತ್ತಿನ ವಾಕ್ಯಗಳು, ಸಂಖ್ಯೆಗಳು, ನಿಮ್ಮ ಹೆಸರಿನ ಅಕ್ಷರಗಳು. ಇವನ್ನು ನಿಂತುಕೊಂಡು, ಕೈಯಲ್ಲಿ ಪಾಸ್‌ಪೋರ್ಟ್, ಹೆಗಲಲ್ಲಿ ಬ್ಯಾಗ್ ಹಿಡಿದೇ ಅಭ್ಯಾಸ ಮಾಡಿ. ಕೌಂಟರ್ ಮುಂದೆ ನೀವು ನಿಲ್ಲುವುದು ಹಾಗೇ ತಾನೇ.